ನೋಟು ಎಷ್ಟು ಸವೆದಿದೆ? ಚಿನ್ನವನ್ನೂ ಜೊತೆಗಿಟ್ಟು ಲೆಕ್ಕ ಹಾಕುವ ಬಗೆ

ಚಿನ್ನ ಎಷ್ಟು ತುಟ್ಟಿಯಾಯಿತೋ ರೂಪಾಯಿಯ ಬೆಲೆ ಅಷ್ಟೇ ಇಳಿಯಿತು ಎಂದು ವಾದಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಈ ಮಾತು ಎಷ್ಟು ಸರಿ ಎಂಬುದನ್ನು ಕಾಗದ, ಪೆನ್ನು ಮತ್ತು ಕೆಲವು ಅಂಕಿಗಳಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು.

ಮೊದಲು ನೋಟು ಮತ್ತು ಚಿನ್ನದ ಸಂಬಂಧವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನೋಟಿನ ಮೇಲೆ ಗವರ್ನರ್ ಸಹಿಯೊಂದಿಗೆ ಇರುವ ವಚನ ರೂಪಾಯಿ ಕೊಡುವ ವಚನವೇ ಹೊರತು ಚಿನ್ನ ಕೊಡುವ ವಚನವಲ್ಲ. ರಿಸರ್ವ್ ಬ್ಯಾಂಕ್ ಕಾಯ್ದೆಗೆ 1957ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನೋಟುಗಳಿಗೆ ಆಧಾರವಾಗಿ ರಿಸರ್ವ್ ಬ್ಯಾಂಕ್ ಚಿನ್ನ ಮತ್ತು ವಿದೇಶಿ ಸಾಲಪತ್ರಗಳ ರೂಪದಲ್ಲಿ ಕನಿಷ್ಠ 200 ಕೋಟಿ ರೂಪಾಯಿಯ ಆಸ್ತಿ ಇಟ್ಟುಕೊಂಡರೆ ಸಾಕು. ಅದರಲ್ಲಿ ಚಿನ್ನ 115 ಕೋಟಿಗಿಂತ ಕಡಿಮೆ ಇರಬಾರದು, ಅಷ್ಟೆ. ಬ್ಯಾಂಕಿನಲ್ಲಿ ಇರುವ ಚಿನ್ನ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬುದು ಬೇರೆ ಮಾತು. ವಿದೇಶಿ ಸರ್ಕಾರಗಳಿಗೆ ಔನ್ಸಿಗೆ 35 ಡಾಲರಿನಂತೆ ಚಿನ್ನ ಕೊಡುತ್ತಿದ್ದ ಅಮೆರಿಕವೂ 1971ರ ಆಗಸ್ಟ್ 15ರಂದು ಆ ಕಿಟಕಿಯನ್ನು ಮುಚ್ಚಿತು.

ಆದ್ದರಿಂದ ನೋಟಿನ ಶಕ್ತಿಯನ್ನು ಅಳೆಯಬೇಕಾದದ್ದು ಅದು ಕೊಳ್ಳುವ ಸಾಮಾನಿನಿಂದ. ಎರಡನೆಯ ಹಂತದಲ್ಲಿ ಕೇಂದ್ರ ಸರ್ಕಾರ ಪ್ರತಿ ತಿಂಗಳು ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕವನ್ನು, ಅಂದರೆ ಮನೆಮಂದಿ ಕೊಳ್ಳುವ ಸಾಮಾನು ಮತ್ತು ಸೇವೆಗಳ ಒಟ್ಟು ಬೆಲೆ ಎಷ್ಟು ಏರಿತೆಂದು ತೋರಿಸುವ ಅಂಕಿಯನ್ನು, ತೆಗೆದುಕೊಳ್ಳಿ. 2012ನ್ನು 100 ಎಂದು ಹಿಡಿದ ಸರಣಿಯಲ್ಲಿ ಅದು 2015ರ ಕೊನೆಗೆ ಸುಮಾರು 125, 2024ರ ಕೊನೆಗೆ ಸುಮಾರು 196 ಇತ್ತು. 100ನ್ನು 196ರಿಂದ ಭಾಗಿಸಿದರೆ, 2012ರ ನೂರು ರೂಪಾಯಿ ನೋಟು 2024ರ ಕೊನೆಗೆ 51 ರೂಪಾಯಿಯ ಕೆಲಸವನ್ನಷ್ಟೇ ಮಾಡುತ್ತಿತ್ತು ಎಂದು ತಿಳಿಯುತ್ತದೆ.

ಈಗ ಚಿನ್ನದ ಸರದಿ. 2012ರಲ್ಲಿ ಹತ್ತು ಗ್ರಾಂ ಅಪರಂಜಿಗೆ ಸುಮಾರು 31,000 ರೂಪಾಯಿ ಇತ್ತು. ಅದನ್ನು 1.96ರಿಂದ ಗುಣಿಸಿದರೆ ಸುಮಾರು 60,800 ಆಗುತ್ತದೆ; ಚಿನ್ನವೂ ಉಳಿದ ಸಾಮಾನಿನಷ್ಟೇ ಏರಿದ್ದರೆ 2024ರ ಕೊನೆಗೆ ಇರಬೇಕಾಗಿದ್ದ ಬೆಲೆ ಅದು. 2024ರ ಕೊನೆಗೆ ಚಿನಿವಾರ ಪೇಟೆಯ ಧಾರಣೆ 75,000 ದಾಟಿದ್ದರಿಂದ ಕೊಂಡವರು ಗೆದ್ದರು. ಆದರೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಅದೇ ಹತ್ತು ಗ್ರಾಂ ಚಿನ್ನವನ್ನು 2015ರಲ್ಲಿ ಸುಮಾರು 26,000ಕ್ಕೆ ಮಾರಿದವರ ಲೆಕ್ಕವನ್ನೂ ಹಾಕಿ ನೋಡಿ. 26,000ವನ್ನು 1.25ರಿಂದ ಭಾಗಿಸಿದರೆ 2012ರ ರೂಪಾಯಿಯಲ್ಲಿ 20,800. ಅಂದರೆ ಮೂರನೆಯ ಒಂದು ಪಾಲು ಕರಗಿತ್ತು. ಒಡವೆಯಾದರೆ ಮಜೂರಿ ಮತ್ತು ವೇಸ್ಟೇಜ್ ಹಣವನ್ನೂ ಕಳೆಯಬೇಕು. ಚಿನ್ನದ ಧಾರಣೆ ಡಾಲರ್ ದರ, ಜಾಗತಿಕ ಬೇಡಿಕೆ ಮತ್ತು ಆಮದು ಸುಂಕದ ಜೊತೆ ಏರಿಳಿಯುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಸುಂಕ ಶೇ 15ರಿಂದ ಶೇ 6ಕ್ಕೆ ಇಳಿದೊಡನೆ ಚಿನ್ನ ಅಗ್ಗವಾಯಿತು. ಅದರಿಂದ ಕಿರಾಣಿ ಅಂಗಡಿಯಲ್ಲಿ ನೋಟಿನ ಶಕ್ತಿಯೇನೂ ಹೆಚ್ಚಲಿಲ್ಲ.

ಕೊನೆಗೆ ಕಾರಣವನ್ನು ಬೇರ್ಪಡಿಸಬೇಕು. ಕಷ್ಟದ ಕೆಲಸ ಇದೇ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ, ಹೊಸ ಬೆಳೆ ಬಂದ ಮೇಲೆ ಇಳಿಯಿತು. ಅದು ಪೂರೈಕೆಯ ಕೊರತೆ. ಕಚ್ಚಾ ತೈಲ ತುಟ್ಟಿಯಾದರೆ ಅಥವಾ ಡಾಲರಿನ ಎದುರು ರೂಪಾಯಿ ಕುಸಿದರೆ ಏರಿಕೆಯು ಸಾಗಾಣಿಕೆಯ ವೆಚ್ಚದ ಮೂಲಕ ಎಲ್ಲ ಸಾಮಾನಿಗೂ ತಗಲುತ್ತದೆ. ಬ್ಯಾಂಕ್ ಸಾಲ ಮತ್ತು ಸರ್ಕಾರದ ಖರ್ಚಿನಿಂದ ಜನರ ಕೈಗೆ ಬರುವ ಹಣ ಉತ್ಪಾದನೆಗಿಂತ ವೇಗವಾಗಿ ಬೆಳೆದಾಗಲೋ ಮನೆ ಬಾಡಿಗೆ, ಶಾಲಾ ಶುಲ್ಕ, ಕ್ಷೌರದ ಕೂಲಿ ಎಲ್ಲವೂ ಒಟ್ಟೊಟ್ಟಿಗೆ ಏರುತ್ತವೆ ಮತ್ತು ಮತ್ತೆ ಇಳಿಯುವುದಿಲ್ಲ. ನಿಮ್ಮ ಮನೆಯ ಎರಡು ವರ್ಷದ ಖರ್ಚಿನ ಪುಸ್ತಕದಲ್ಲಿ ಏರಿ ಇಳಿದ ಬಾಬತ್ತುಗಳನ್ನು ಒಂದು ಬದಿಗೆ, ಏರಿ ಅಲ್ಲಿಯೇ ನಿಂತವುಗಳನ್ನು ಇನ್ನೊಂದು ಬದಿಗೆ ಬರೆದುಕೊಂಡರೆ ನೋಟಿನ ನಿಜವಾದ ಸವೆತ ಎರಡನೆಯ ಪಟ್ಟಿಯಲ್ಲಿ ಕಾಣಿಸುತ್ತದೆ.