ಎಲ್ಲಿ ನಿಲ್ಲಬೇಕೆಂದು ಹೇಳಿದವರು

ನಾನು ತೆಗೆದ ಛಾಯಾಚಿತ್ರಗಳ ಪೈಕಿ ನಮ್ಮ ಮನೆಯ ಗೋಡೆಯ ಮೇಲಿರುವುದು ಮೂರೇ ಮೂರು. ನಾಲ್ಕನೆಯದು ನಾನು ವಿಜ್ಞಾನ ಪಾಠ ಮಾಡುತ್ತಿದ್ದ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿದೆ. ಮೂವತ್ತು ವರ್ಷಗಳಲ್ಲಿ ತೆಗೆದ ಸಾವಿರಾರು ಚಿತ್ರಗಳಲ್ಲಿ ಇವೇ ಏಕೆ ಎಂದು ಮನೆಗೆ ಬಂದವರು ಕೇಳಿದಾಗ ಮೊದಮೊದಲು ಬೆಳಕು, ಚೌಕಟ್ಟು, ಕ್ಷಣ ಎಂದೆಲ್ಲ ವಿವರಿಸುತ್ತಿದ್ದೆ. ಆದರೆ ಈ ನಾಲ್ಕರಲ್ಲೂ ನಾನು ಮೊದಲು ನಿಂತ ಜಾಗ ತಪ್ಪಾಗಿತ್ತು, ಮತ್ತು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದೂ ನೋಡದ ಯಾರೋ ಒಬ್ಬರು ಪ್ರತಿ ಸಲವೂ ನನ್ನನ್ನು ಅಲ್ಲಿಂದ ಸರಿಸಿದ್ದರು. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಮೊದಲ ಚಿತ್ರ 1992ರದು, ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಹಂಚಿನ ಮನೆಯ ಅಡುಗೆಮನೆಯದು. ಹಿಂದಿನ ವರ್ಷವಷ್ಟೇ ಪರಿಚಿತರೊಬ್ಬರಿಂದ ಹಳೆಯ ಪೆಂಟಾಕ್ಸ್ ಕೆ1000 ಕ್ಯಾಮೆರಾ ಕೊಂಡಿದ್ದೆ. ಅದರಲ್ಲಿ ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಉಳಿದದ್ದೆಲ್ಲ ಕೈಯಿಂದಲೇ ಆಗಬೇಕು. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಕಪ್ಪುಬಿಳುಪು ರೋಲು ಹಾಕಿದ್ದೆ. ಒಂದು ರೋಲಿಗೆ 36 ಚಿತ್ರ. ಆಗಿನ ನನ್ನ ಸಂಬಳದಲ್ಲಿ ತಿಂಗಳಿಗೆ ಒಂದು ರೋಲೇ ಹೆಚ್ಚಾದ್ದರಿಂದ ಪ್ರತಿಯೊಂದು ಕ್ಲಿಕ್ಕನ್ನೂ ಲೆಕ್ಕ ಹಾಕಿಯೇ ಒತ್ತುತ್ತಿದ್ದೆ.

ಮಾಡಿಗೆ ಕೂರಿಸಿದ್ದ ಒಂದೇ ಒಂದು ಗಾಜಿನ ಹಂಚಿನಿಂದ ಬೆಳಗಿನ ಒಂಬತ್ತರ ಹೊತ್ತಿಗೆ ಬಿಸಿಲುಕೋಲು ಒಲೆಯ ಮುಂದಕ್ಕೆ ಇಳಿಯುತ್ತಿತ್ತು. ಅಮ್ಮ ಊದುಗೊಳವೆ ಹಿಡಿದು ಹಸಿ ಸೌದೆಯೊಡನೆ ಗುದ್ದಾಡುತ್ತಿದ್ದಳು. ಅವಳ ಮುಖಕ್ಕೆ ಬೆಳಕು ಬೀಳಲಿ ಎಂದು ನಾನು ಬಿಸಿಲುಕೋಲಿಗೆ ಬೆನ್ನು ಕೊಟ್ಟು ನಿಂತಿದ್ದೆ. “ಬೆಳಕಿಗೇ ಅಡ್ಡ ನಿಂತೀಯಲ್ಲ ಮಾರಾಯ, ಒಲೆ ಕಾಣದಿಲ್ಲ, ಆಚೆ ಹೋಗು” ಎಂದು ಅಮ್ಮ ಗದರಿದಳು. ನಾನು ಮುಖ ಸಣ್ಣದು ಮಾಡಿಕೊಂಡು ಒಲೆಯ ಆಚೆ ಬದಿಗೆ, ಉಪ್ಪಿನಕಾಯಿ ಭರಣಿಗಳ ಪಕ್ಕಕ್ಕೆ ಹೋಗಿ ನೋಡಿದರೆ ಅಲ್ಲಿ ಬೇರೆಯದೇ ಅಡುಗೆಮನೆ ಇತ್ತು. ಇಷ್ಟು ಹೊತ್ತು ಮಂಕಾಗಿದ್ದ ಹೊಗೆ ಈಗ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಹೊಗೆಯ ಕಣಗಳು ಬೆಳಕನ್ನು ಬಂದ ದಿಕ್ಕಿಗೆ ಹಿಂದಿರುಗಿಸುವುದಕ್ಕಿಂತ ಮುಂದಕ್ಕೇ ಹೆಚ್ಚಾಗಿ ಚದುರಿಸುತ್ತವೆ. ಆದ್ದರಿಂದ ಬೆಳಕಿಗೆ ಎದುರಾಗಿ ನಿಂತವರಿಗೇ ಅವು ಪ್ರಕಾಶಮಾನವಾಗಿ ಕಾಣುತ್ತವೆ. ಇದನ್ನು ತರಗತಿಯಲ್ಲಿ ಹೇಳುತ್ತಿದ್ದವನಿಗೆ ಅಡುಗೆಮನೆಯಲ್ಲಿ ನೆನಪಾಗಿರಲಿಲ್ಲ.

ಕೆ1000ದ ಮೀಟರು ಇಡೀ ಚೌಕಟ್ಟಿನ ಬೆಳಕಿನ ಸರಾಸರಿ ನೋಡುತ್ತದೆ. ಮುಕ್ಕಾಲು ಪಾಲು ಕತ್ತಲೆಯೇ ಇರುವ ಅಡುಗೆಮನೆಯಲ್ಲಿ ಅದನ್ನು ನಂಬಿದರೆ ಬಿಸಿಲುಕೋಲು ಬರೀ ಬಿಳಿಯ ಕಲೆಯಾಗುತ್ತದೆ. ಹಾಗಾಗಿ ಬಗ್ಗಿ, ನೆಲದ ಮೇಲೆ ಬಿಸಿಲು ಬಿದ್ದ ಜಾಗಕ್ಕೆ ಮಾತ್ರ ಕ್ಯಾಮೆರಾ ಹಿಡಿದು ಅಳೆದುಕೊಂಡು, ಅದಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಕೊಟ್ಟು, ಉಸಿರು ಬಿಗಿಹಿಡಿದು ಎರಡೇ ಎರಡು ಚಿತ್ರ ತೆಗೆದೆ. ಸ್ಟುಡಿಯೋದವರು ಮೊದಲು ಹಾಕಿಕೊಟ್ಟ ಪ್ರಿಂಟಿನಲ್ಲಿ ಅಮ್ಮನ ಮುಖ ಸ್ಪಷ್ಟವಾಗಿತ್ತು, ಆದರೆ ಹೊಗೆಯೇ ಮಾಯವಾಗಿತ್ತು. ಮುಖ ಕಪ್ಪಾಗಿದೆಯೆಂದು ಅವರು ಪಾಪ ಒಳ್ಳೆಯ ಮನಸ್ಸಿನಿಂದಲೇ ತಿಳಿ ಮಾಡಿದ್ದರು. ಮುಖ ಕಾಣದಿದ್ದರೂ ಅಡ್ಡಿಯಿಲ್ಲ ಎಂದು ನೆಗೆಟಿವ್ ಹಿಡಿದು ಎರಡನೆಯ ಸಲ ಹೋದಾಗ ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅಮ್ಮನಂತೂ ಆ ಚಿತ್ರವನ್ನು ಕೊನೆಯವರೆಗೂ ಮೆಚ್ಚಲಿಲ್ಲ. “ಒಳ್ಳೇ ಸೀರೆ ಉಟ್ಟಾಗ ತೆಗೀಬೇಕಿತ್ತು” ಎನ್ನುತ್ತಿದ್ದಳು.

ಎರಡನೆಯದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನದು. ಆ ಹೊತ್ತಿಗೆ ನಾನು ಡಿಜಿಟಲ್ಲಿಗೆ ಬದಲಾಯಿಸಿಕೊಂಡಿದ್ದೆ. ನಿಕಾನ್ ಡಿ90, ಜೊತೆಗೆ 70-300 ಮಿ.ಮೀ. ಲೆನ್ಸು. ಊರಿನೊಳಗಿನ ಹುಣಸೆ, ಅರಳಿ ಮರಗಳ ಮೇಲೆ ಕೊಕ್ಕಿನ ಕೆಳಗೆ ಚೀಲವಿರುವ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಮನೆ, ಹಿತ್ತಲು, ದನದ ಕೊಟ್ಟಿಗೆಗಳ ತಲೆಯ ಮೇಲೆಯೇ ಅವುಗಳ ಸಂಸಾರ. ಹಿಕ್ಕೆ, ಮೀನಿನ ವಾಸನೆ, ಗದ್ದಲ ಎಲ್ಲವನ್ನೂ ಸಹಿಸಿಕೊಂಡು ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೂ ಹೋಗುತ್ತದೆ.

ನಾನು ಒಂದಿಡೀ ಬೆಳಗ್ಗೆ ಮರದ ಬುಡದಲ್ಲಿ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿ ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಎಲ್ಲವೂ ಬೆಳ್ಳಗಿನ ಆಕಾಶದ ಎದುರು ಕಪ್ಪು ಹೊಟ್ಟೆಗಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನನ್ನನ್ನೇ ನೋಡುತ್ತಿದ್ದವರು, “ಕೆಳಗ್ನಿಂದ ಏನ್ ಕಾಣ್ತದಪ್ಪ, ಬರೀ ಹೊಟ್ಟೆ. ತಾರಸಿ ಮ್ಯಾಕ್ ಹತ್ತು. ಸದ್ದು ಮಾಡ್ಬ್ಯಾಡ, ಬಾಣಂತೀರವ್ರೆ” ಎಂದರು. ಅವರ ಮಗನ ಹೊಸ ಮನೆಯ ತಾರಸಿ ಗೂಡುಗಳ ಸರಿಸಮಕ್ಕಿತ್ತು. ನೀರಿನ ಟ್ಯಾಂಕಿನ ಮರೆಯಲ್ಲಿ ಕುಳಿತು ನೋಡಿದರೆ, ಹಿಂದೆ ಆಕಾಶದ ಬದಲು ಇನ್ನೊಂದು ಮರದ ಹಸಿರು. ಬಿಸಿಲಿನಲ್ಲಿದ್ದ ಹಕ್ಕಿ, ಹಿಂದೆ ನೆರಳು. ಕ್ಯಾಮೆರಾ ಆ ನೆರಳಿಗೆ ಮರುಳಾಗಿ ಹಕ್ಕಿಯ ರೆಕ್ಕೆಗಳನ್ನು ಬೆಳ್ಳಗಾಗಿಸುತ್ತಿದ್ದುದರಿಂದ ಎಕ್ಸ್‌ಪೋಶರ್ ಅನ್ನು, ಎಂದರೆ ಒಳಬಿಡುವ ಬೆಳಕನ್ನು, ಸ್ವಲ್ಪ ಇಳಿಸಿ, ಶಟರನ್ನು ಸೆಕೆಂಡಿನ 1000ನೇ ಒಂದು ಭಾಗಕ್ಕಿಟ್ಟೆ. ಕಾಲು ಗಂಟೆಯಲ್ಲಿ ತಾಯಿ ಹೆಜ್ಜಾರ್ಲೆ ಬಂತು. ಮರಿ ತನ್ನ ತಲೆಯನ್ನು ಕುತ್ತಿಗೆಯವರೆಗೂ ಅದರ ಗಂಟಲ ಚೀಲದೊಳಕ್ಕೆ ತೂರಿಸಿತು. ಚೀಲದ ತೆಳು ಚರ್ಮದ ಮೂಲಕ ಮರಿಯ ಕೊಕ್ಕಿನ ಆಕಾರ ಕಾಣುತ್ತಿತ್ತು. ಅದೇ ಚಿತ್ರ.

ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳಿವೆ, ಮತ್ತು ಆ ನಿಯಮ ಸರಿಯಾದದ್ದೇ. ಚಿತ್ರಕ್ಕಾಗಿ ಗೂಡಿನ ಮುಂದಿನ ಕೊಂಬೆ ಕಡಿದವರನ್ನು ನಾನೇ ಕಂಡಿದ್ದೇನೆ. ಮನುಷ್ಯರ ಓಡಾಟದ ನಡುವೆಯೇ ಬೆಳೆಯುವ ಹಕ್ಕಿಗಳಾದರೂ ಅರ್ಧ ಗಂಟೆಗಿಂತ ಹೆಚ್ಚು ನಾನು ಆ ತಾರಸಿಯಲ್ಲಿ ಇರಲಿಲ್ಲ, ಚಿತ್ರವನ್ನು ಯಾವ ಸ್ಪರ್ಧೆಗೂ ಕಳಿಸಲಿಲ್ಲ. ಅಂದ ಹಾಗೆ, ಹವ್ಯಾಸಿ ಎಂಬುದನ್ನು ಅರೆಬರೆ ಎಂಬ ಅರ್ಥದಲ್ಲಿ ಆಡುವವರಿಗೆ ನಾನು ಸಂಡೂರಿನ ಎಂ. ವೈ. ಘೋರ್ಪಡೆಯವರ ಹೆಸರು ಹೇಳುತ್ತೇನೆ. ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ವನ್ಯಜೀವಿಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದವರಲ್ಲಿ ದೊಡ್ಡ ಹೆಸರು.

ಮೂರನೆಯ ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದರಲ್ಲಿ ನನ್ನ ಪಾಲು ತೀರ ಕಡಿಮೆ. ಮೂಡುಬಿದಿರೆಯ ಕಡಲಕೆರೆಯ ಕೋಟಿ–ಚೆನ್ನಯ ಜೋಡುಕರೆ ಕಂಬಳದಲ್ಲಿ, ಎಲ್ಲರಂತೆ ಕೆಸರು ಹಾರಿಸುತ್ತ ಎದುರಿಗೆ ನುಗ್ಗಿಬರುವ ಕೋಣಗಳ ಚಿತ್ರ ಬೇಕೆಂದು ಓಟ ಮುಗಿಯುವ ಮಂಜೊಟ್ಟಿಯಲ್ಲಿ ಹೋಗಿ ನಿಂತಿದ್ದೆ. “ಮಾರಾಯ್ರೇ, ಅಲ್ಲಿ ನಿಲ್ಬೇಡಿ, ಕೋಣಗಳಿಗೆ ನಿಮ್ಮ ಕ್ಯಾಮೆರಾ ಗೊತ್ತುಂಟಾ?” ಎಂದು ಒಬ್ಬರು ತೋಳು ಹಿಡಿದು ಬದಿಗೆ ಎಳೆದರು. ಮರುಗಳಿಗೆಯಲ್ಲಿ ಒಂದು ಜೋಡಿ ನಾನು ನಿಂತಿದ್ದ ಜಾಗವನ್ನು ಹಾದು ಮೇಲೇರಿತು. ಕೈ ನಡುಗುತ್ತಿದ್ದಾಗಲೇ ಒತ್ತಿದ ಚಿತ್ರದಲ್ಲಿ ಕೋಣಗಳ ಬಾಲವಷ್ಟೇ ಇದೆ; ಅವನ್ನು ಹಿಡಿಯಲು ಕೈ ಚಾಚಿ ಓಡಿದ ನಾಲ್ಕು ಜನರ ಮುಖಗಳು ರಾತ್ರಿಯ ಫ್ಲಡ್‌ಲೈಟಿನಲ್ಲಿ ಪೂರ್ತಿ ಇವೆ. ನನ್ನನ್ನು ಎಳೆದವರು ಆ ನಾಲ್ವರಲ್ಲಿ ಎಡಗಡೆಯ ಮೊದಲನೆಯವರು.

ಪ್ರಯೋಗಾಲಯದಲ್ಲಿರುವುದು ಹಂಪಿಯ ಚಿತ್ರ. 2011ರ ಶಾಲಾ ಪ್ರವಾಸದಲ್ಲಿ ನಲವತ್ತು ಮಕ್ಕಳೊಡನೆ ವಿರೂಪಾಕ್ಷ ದೇವಾಲಯಕ್ಕೆ ಹೋಗಿದ್ದೆವು. ಗರ್ಭಗುಡಿಯ ಹಿಂಬದಿಯ ಕತ್ತಲೆಯ ಕೋಣೆಯಲ್ಲಿ, ಒಂದು ಕಿಂಡಿಯ ಮೂಲಕ ಬಂದ ಬೆಳಕು ಒಂಬತ್ತು ನೆಲೆಯ ಪೂರ್ವ ಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ರಟ್ಟಿನ ಡಬ್ಬಿ, ಬೆಣ್ಣೆಕಾಗದ ಇಟ್ಟುಕೊಂಡು ವರ್ಷ ವರ್ಷವೂ ಸೂಜಿರಂಧ್ರ ಕ್ಯಾಮೆರಾ ಮಾಡಿಸುತ್ತಿದ್ದ ನನಗೆ ಅದನ್ನು ಮಕ್ಕಳಿಗೆ ತೋರಿಸುವ ಆಸೆಯೇ ಆ ಪ್ರವಾಸದ ಮುಖ್ಯ ಕಾರಣ. ಬೆಳಗ್ಗೆ ಹೋದಾಗ ಬಿಂಬ ಮಸುಕಾಗಿತ್ತು. ಅಲ್ಲಿದ್ದ ಹೂ ಮಾರುವ ಹೆಂಗಸು, “ಈಗೇನ್ ಕಾಣ್ತೈತ್ರೀ, ಹೊತ್ತು ತಿರುಗಿದ ಮ್ಯಾಲ ಬರ್ರಿ” ಎಂದಳು. ಯೋಚಿಸಿದರೆ ಸರಿಯೇ: ಕಿಂಡಿಗೆ ಕಾಣುವುದು ಗೋಪುರದ ಪಶ್ಚಿಮ ಮುಖ, ಅದಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ.

ಮೂರೂವರೆಗೆ ಮತ್ತೆ ಹೋದೆವು. ನಾನು ಗೋಡೆಯ ಮೇಲಿನ ಬಿಂಬದ ಎದುರು ಚೀಲವನ್ನು ನೆಲಕ್ಕಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸುವಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಳಕಿನ ದಾರಿಗೆ ಅಡ್ಡ ಬಂದ. ಗದರಲು ಬಾಯಿ ತೆರೆದಿದ್ದೆ. “ಸರ್, ಗೋಪುರ ನನ್ನ ಅಂಗಿ ಮೇಲಿದೆ, ನೀವು ಈ ಕಡೆ ಬನ್ನಿ” ಎಂದ. ಅವನ ಬಿಳಿಯ ಸಮವಸ್ತ್ರದ ಮೇಲೆ ಗೋಪುರ ಗೋಡೆಯ ಮೇಲಿದ್ದುದಕ್ಕಿಂತ ಚಿಕ್ಕದಾಗಿ, ಆದರೆ ಹೆಚ್ಚು ಬೆಳಗುತ್ತ ಇಳಿದಿತ್ತು. ಕಿಂಡಿಗೆ ಹತ್ತಿರವಾದಷ್ಟೂ ಅದೇ ಬೆಳಕು ಕಡಿಮೆ ಜಾಗದಲ್ಲಿ ಬೀಳುತ್ತದಲ್ಲ. ನಾಲ್ಕು ಸೆಕೆಂಡು ಅಲುಗಾಡಬೇಡ ಎಂದೆ. ಹದಿನಾಲ್ಕರ ಹುಡುಗ, ನಗು ತಡೆಯುತ್ತಿದ್ದ, ಅಲುಗಾಡದೆ ಇರುವುದುಂಟೆ? ಚಿತ್ರದಲ್ಲಿ ಅವನ ಗಲ್ಲ, ಕಾಲರು, ತೋಳುಗಳು ಎಲ್ಲವೂ ಕದಡಿವೆ. ಗೋಪುರ ಮಾತ್ರ ಕದಡಿಲ್ಲ. ಅದು ಕಿಂಡಿಯಿಂದ ಬಂದದ್ದು, ಪರದೆ ಅತ್ತಿತ್ತ ಸರಿದರೂ ಬಿಂಬ ತನ್ನ ಜಾಗದಲ್ಲೇ ಇರುತ್ತದೆ. ಅದನ್ನು ಮಕ್ಕಳಿಗೆ ವಿವರಿಸಲು ನನಗೆ ಮುಂದೆ ಬೇರೆ ಪ್ರಯೋಗ ಬೇಕಾಗಲಿಲ್ಲ.

ನಾನು ನಿವೃತ್ತನಾದ ಮೇಲೂ ಆ ಚಿತ್ರ ಪ್ರಯೋಗಾಲಯದಲ್ಲೇ ಇದೆ. ಶಾಲೆಗೆ ಸುಣ್ಣ ಹೊಡೆದಾಗಲೆಲ್ಲ ಅದನ್ನು ಇಳಿಸಿ ಮತ್ತೆ ತೂಗುಹಾಕುವವರು ಗೋಪುರ ನೆಟ್ಟಗಿರಲೆಂದು ಚೌಕಟ್ಟನ್ನು ತಿರುಗಿಸಿಬಿಡುತ್ತಾರೆ, ಆಗ ಹುಡುಗ ತಲೆಕೆಳಗಾಗುತ್ತಾನೆ. ಈಗಿನ ವಿಜ್ಞಾನ ಮೇಡಂ ಫೋನ್ ಮಾಡುತ್ತಾರೆ: “ಸರ್, ಯಾವುದು ಮೇಲೆ ಬರಬೇಕು?”