ಟೆಲಿಕಾಂ ಆರ್ಡರ್ ಸುದ್ದಿ ಬಂತಾ? ಷೇರು ಕೊಳ್ಳುವ ಮುನ್ನ ಇಷ್ಟು ನೋಡಿ

ಸಾವಿರಾರು ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿದೆ ಎಂಬ ಸುದ್ದಿ ಟಿವಿಯಲ್ಲಿ ಓಡಿದರೆ ಸಾಕು, ಟೆಲಿಕಾಂ ಉಪಕರಣ ಕಂಪನಿಯ ಷೇರು ಜಿಗಿಯುತ್ತದೆ. ಬೆಲೆ ಕೈ ಮೀರುವ ಮೊದಲು ಕೊಂಡುಬಿಡಬೇಕು ಅನಿಸುವುದು ಸಹಜ. ಆದರೆ ಆರ್ಡರ್ ಅಂದರೆ ಕೈಗೆ ಬಂದ ದುಡ್ಡಲ್ಲ. ಅರ್ಧ ಗಂಟೆ ಕೂತು ಓದಿದರೆ ಅದರಿಂದ ಕಂಪನಿಗೆ ಏನು ದಕ್ಕಬಹುದು ಎಂಬ ಅಂದಾಜು ಸಿಗುತ್ತದೆ.

ಮೊದಲು ಸುದ್ದಿ ಬಿಡಿ, ಮೂಲ ಪತ್ರ ತೆಗೆಯಿರಿ. ದೊಡ್ಡ ಆರ್ಡರ್ ಸಿಕ್ಕರೆ ಲಿಸ್ಟ್ ಆದ ಕಂಪನಿ ಅದನ್ನು ಷೇರುಪೇಟೆಗೆ ತಿಳಿಸಬೇಕು. ಷೇರುಪೇಟೆಯ ನಿಯಂತ್ರಕ ಸೆಬಿಯ ಲಿಸ್ಟಿಂಗ್ ನಿಯಮಗಳಲ್ಲಿ 30ನೆಯದು ಇದನ್ನೇ ಹೇಳುತ್ತದೆ. ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹುಡುಕಿದರೆ ಪ್ರಕಟಣೆಯ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಆರ್ಡರ್ ಕೊಟ್ಟವರು ಯಾರು, ಕೆಲಸ ಏನು, ಎಷ್ಟು ಸಮಯದಲ್ಲಿ ಮುಗಿಸಬೇಕು, ಮೊತ್ತ ಎಷ್ಟು, ಆರ್ಡರ್ ಕೊಟ್ಟ ಕಂಪನಿಯಲ್ಲಿ ಆರ್ಡರ್ ಪಡೆದ ಕಂಪನಿಯ ಪ್ರವರ್ತಕರ (ಅಂದರೆ ಅದನ್ನು ಹಿಡಿತದಲ್ಲಿಟ್ಟುಕೊಂಡ ಮುಖ್ಯ ಮಾಲೀಕರ) ಪಾಲು ಇದೆಯಾ. ಹೆಡ್‌ಲೈನಿನಲ್ಲಿ ಬರುವುದು ಮೊತ್ತ ಮಾತ್ರ. ನಿಮಗೆ ಜಾಸ್ತಿ ಬೇಕಾಗಿರುವುದು ಉಳಿದ ಸಾಲುಗಳು.

ಈಗ ಮೊತ್ತವನ್ನು ವರ್ಷಗಳಿಗೆ ಹಂಚಿ, ಕಂಪನಿಯ ಹಿಂದಿನ ವರ್ಷದ ಆದಾಯದ ಪಕ್ಕದಲ್ಲಿಡಿ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬಿಎಸ್‌ಎನ್‌ಎಲ್‌ನ 4ಜಿ ಜಾಲಕ್ಕಾಗಿ ಟಿಸಿಎಸ್‌ನಿಂದ 7,492 ಕೋಟಿ ರೂಪಾಯಿಯ ಗುತ್ತಿಗೆ ಸಿಕ್ಕಿದೆ ಎಂದು ಅದು 2023ರ ಆಗಸ್ಟ್‌ನಲ್ಲಿ ತಿಳಿಸಿತು. ಅದಕ್ಕೆ ಮೊದಲಿನ ಹಣಕಾಸು ವರ್ಷದಲ್ಲಿ ಕಂಪನಿಯ ಆದಾಯ ಸುಮಾರು 920 ಕೋಟಿ. ಅಂದರೆ ಎಂಟು ಪಟ್ಟು ದೊಡ್ಡ ಆರ್ಡರ್! ಉಪಕರಣ ಪೂರೈಸಬೇಕಿದ್ದದ್ದು 2023 ಮತ್ತು 2024ರಲ್ಲಿ. ಹಾಗೆಯೇ ಆಯಿತು. 2024–25ರಲ್ಲಿ ಆದಾಯ 8,900 ಕೋಟಿ ದಾಟಿತು. ಪೂರೈಕೆ ಮುಗಿಯುತ್ತಾ ಬಂದ ಹಾಗೆ, 2025ರ ಏಪ್ರಿಲ್–ಜೂನ್ ತ್ರೈಮಾಸಿಕದ ಆದಾಯ ಸುಮಾರು 200 ಕೋಟಿಗೆ ಇಳಿದು, ಕಂಪನಿ ನಷ್ಟ ತೋರಿಸಿತು. ಇದರಲ್ಲಿ ಮೋಸ ಏನೂ ಇಲ್ಲ. ಈ ವ್ಯಾಪಾರ ಇರುವುದೇ ಹೀಗೆ: ಜಾಲ ಕಟ್ಟುವಾಗ ಭರಪೂರ ಕೆಲಸ, ಕಟ್ಟಿ ಮುಗಿದ ಮೇಲೆ ಬರ. ಜಿಯೋ ಮತ್ತು ಏರ್‌ಟೆಲ್ 5ಜಿ ಜಾಲವನ್ನು ಬಿರುಸಾಗಿ ಹರಡಿದ ಮೇಲೆ 2024ರಲ್ಲಿ ನೋಕಿಯಾ, ಎರಿಕ್ಸನ್‌ನಂಥ ಜಾಲ ಉಪಕರಣ ದೈತ್ಯರ ಭಾರತದ ಮಾರಾಟವೂ ಕುಸಿಯಿತು. ಹಾಗಾಗಿ ಈ ಆರ್ಡರ್ ಮುಗಿದ ಮೇಲೆ ಮುಂದೇನು ಎಂದು ಆರ್ಡರ್ ಬಂದ ದಿನವೇ ಕೇಳಿಕೊಳ್ಳಿ.

ತೇಜಸ್‌ನ ಪ್ರಕಟಣೆಯಲ್ಲಿ ಪ್ರವರ್ತಕರ ಸಾಲಿಗೂ ತೂಕವಿದೆ. ಆರ್ಡರ್ ಕೊಟ್ಟ ಟಿಸಿಎಸ್, ಪಡೆದ ತೇಜಸ್ ಎರಡೂ ಟಾಟಾ ಸಮೂಹದವು. ಅದು ತಪ್ಪಲ್ಲ. ಆದರೆ ಹೊರಗಿನ ಗ್ರಾಹಕರಿಂದ ಎಷ್ಟು ಕೆಲಸ ಬರುತ್ತಿದೆ ಎಂದು ಬೇರೆಯಾಗಿ ನೋಡಲೇಬೇಕು.

ಇದು ಖಚಿತ ಖರೀದಿ ಆದೇಶವಾ, ಬರೀ ಒಪ್ಪಂದದ ಚೌಕಟ್ಟಾ ಎಂಬುದನ್ನೂ ಗಮನಿಸಿ. ‘ವರೆಗೆ’, ‘ಅಂದಾಜು’ ಎಂಬ ಪದಗಳಿದ್ದರೆ ಪೂರ್ತಿ ಮೊತ್ತ ಬರದೆಯೂ ಹೋಗಬಹುದು.

ಮುಂದಿನದು ಕೊಳ್ಳುವವರ ಜೇಬು. 2024ರ ಸೆಪ್ಟೆಂಬರ್‌ನಲ್ಲಿ ವೊಡಾಫೋನ್ ಐಡಿಯಾ ನೋಕಿಯಾ, ಎರಿಕ್ಸನ್ ಮತ್ತು ಸ್ಯಾಮ್‌ಸಂಗ್ ಜೊತೆ ಮೂರು ವರ್ಷಕ್ಕೆ ಸುಮಾರು 30,000 ಕೋಟಿ ರೂಪಾಯಿಯ ಒಪ್ಪಂದ ಪ್ರಕಟಿಸಿತು. ಕೆಲವೇ ದಿನ ಮೊದಲು ಎಜಿಆರ್ ಬಾಕಿಯ (ಆದಾಯದ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕದ ಬಾಕಿ) ವಿಚಾರದಲ್ಲಿ ಅದರ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ಇಂಥ ಗ್ರಾಹಕರಿಗೆ ಮಾರುವಾಗ ಆರ್ಡರ್ ಎಷ್ಟಿದೆ ಅನ್ನುವುದಕ್ಕಿಂತ ಹಣ ಯಾವಾಗ ಬರುತ್ತದೆ ಅನ್ನುವುದು ಮುಖ್ಯ, ಅಲ್ವಾ?

ಸೋತವರನ್ನೂ ಹುಡುಕಿ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಲಿಕಾಂ ಕಂಪನಿ ಎಟಿ ಆ್ಯಂಡ್ ಟಿ ಐದು ವರ್ಷಕ್ಕೆ ಸುಮಾರು 1,400 ಕೋಟಿ ಡಾಲರ್‌ನ ಕೆಲಸವನ್ನು ಎರಿಕ್ಸನ್‌ಗೆ ಕೊಟ್ಟಿತು. ನೋಕಿಯಾ ಷೇರು ಕುಸಿಯಿತು. 2020ರಲ್ಲಿ ಅಲ್ಲಿಯದೇ ಇನ್ನೊಂದು ಟೆಲಿಕಾಂ ಕಂಪನಿ ವೆರೈಝನ್‌ನ ಗುತ್ತಿಗೆ ಸ್ಯಾಮ್‌ಸಂಗ್‌ಗೆ ಹೋದಾಗಲೂ ನೋಕಿಯಾಗೆ ಪೆಟ್ಟು ಬಿದ್ದಿತ್ತು. ಜಾಲ ಕಟ್ಟಿಸುವ ದೊಡ್ಡ ಗ್ರಾಹಕರು ಬೆರಳೆಣಿಕೆಯಷ್ಟು. ಒಬ್ಬರು ಕೈಬಿಟ್ಟರೆ ವರ್ಷಗಟ್ಟಲೆ ಪರಿಣಾಮ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಸೋತ ಕಂಪನಿಯ ಷೇರಾಗಿದ್ದರೆ, ಆ ಗ್ರಾಹಕರಿಂದ ಅದಕ್ಕೆ ಶೇಕಡ ಎಷ್ಟು ಆದಾಯ ಬರುತ್ತಿತ್ತು ಎಂದು ವಾರ್ಷಿಕ ವರದಿಯಲ್ಲಿ ನೋಡಿ. ಗಾಬರಿಯಲ್ಲಿ ಸುಮ್ನೆ ಮಾರಬೇಡಿ.

ಕಳೆದ ಒಂದೆರಡು ತಿಂಗಳ ಷೇರು ಬೆಲೆಯ ಚಾರ್ಟ್ ತೆರೆದು ನೋಡಿ. ಟೆಂಡರ್ ಸುದ್ದಿಗೇ ಬೆಲೆ ಏರಿದ್ದರೆ ಆರ್ಡರ್ ಬಂದ ದಿನ ಇಳಿದರೂ ಅಚ್ಚರಿಯಿಲ್ಲ.

ಷೇರು ಕೊಂಡಿದ್ದರೆ ಪ್ರತಿ ಮೂರು ತಿಂಗಳ ಫಲಿತಾಂಶದಲ್ಲಿ ಕೈಯಲ್ಲಿ ಇನ್ನೆಷ್ಟು ಆರ್ಡರ್ ಬಾಕಿ ಇದೆ ಎಂದು ನೋಡಿ. ಗ್ರಾಹಕರಿಂದ ಬರಬೇಕಾದ ಹಣದ ಮೊತ್ತ ಆರು ತಿಂಗಳಿಗೊಮ್ಮೆ ಬರುವ ಬ್ಯಾಲೆನ್ಸ್ ಶೀಟಿನಲ್ಲಿ ಸಿಗುತ್ತದೆ. ಅದು ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ, ಕಂಪನಿ ಹೂಡಿಕೆದಾರರ ಜೊತೆ ನಡೆಸಿದ ಫೋನ್ ಸಭೆಯ ಲಿಖಿತ ಪ್ರತಿ ತೆಗೆದು ಓದಿ. ಅದೂ ಷೇರುಪೇಟೆಯ ವೆಬ್‌ಸೈಟಿನಲ್ಲೇ ಇರುತ್ತದೆ.