ಮೊದಲು ಮಾತ್ರೆ ಶೀಟ್ ತೋರಿಸಿ, ಆಮೇಲೆ ಕನ್ನಡಕ: ನನ್ನ ಅನುಭವ

ಹೃದಯ ಬಡಿತದ ಏರುಪೇರಿಗೆ ಮಾತ್ರೆ ತಗೊಳ್ಳುವವರು 'ಕಣ್ಣು ಸರಿ ಕಾಣ್ತಿಲ್ಲ' ಅಂತ ಬಂದರೆ ಅವತ್ತೇ ಕನ್ನಡಕ ಬರೆಯಬಾರದು. ಇದನ್ನು ಮೊದಲ ಸಲ ಹೇಳಿದಾಗ ನನ್ನ ಹಾಗೇ ಕಣ್ಣು ಪರೀಕ್ಷಿಸಿ ಕನ್ನಡಕ ಬರೆಯುವ ಆಪ್ಟೋಮೆಟ್ರಿ ಗೆಳೆಯರು ನಕ್ಕರು. ನಮ್ಮ ಅಂಗಡಿ ಮಾಲೀಕರಂತೂ 'ಬಂದ ಗಿರಾಕಿಯನ್ನ ವಾಪಸ್ ಕಳಿಸೋ ಕನ್ನಡಕದಂಗಡಿ ಎಲ್ಲಾದ್ರೂ ಉಂಟಾ ಮಾರಾಯ?' ಎಂದರು. ಈಗ ಅದೇ ಮಾಲೀಕರು ಕೌಂಟರಿನ ಹುಡುಗನಿಗೆ 'ಹಾರ್ಟಿನ ಮಾತ್ರೆ ಉಂಟಾ ಕೇಳು, ಶೀಟ್ ತಂದಿದ್ದಾರಾ ನೋಡು' ಅಂತ ಹೇಳಿಕೊಡ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಸಾಗರದ ಕಡೆ. ಹೃದಯಕ್ಕೆ ಶಿವಮೊಗ್ಗ, ಮಣಿಪಾಲ, ಬೆಂಗಳೂರಿನ ಜಯದೇವ ಅಂತ ಹೋಗಿ ಬಂದವರೆಲ್ಲ ಕಣ್ಣಿಗೆ ನಮ್ಮ ಹತ್ತಿರವೇ ಬರುವುದು. ನಷ್ಟ ಆಗುತ್ತಿದ್ದದ್ದು ರೀಮೇಕಿನಲ್ಲಿ, ಅಂದರೆ ಕೊಟ್ಟ ಕನ್ನಡಕವನ್ನೇ ಮತ್ತೆ ಮಾಡಿಸುವುದರಲ್ಲಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ ಪ್ರೊಗ್ರೆಸಿವ್ ಒಂದು ಜೋಡಿಗೆ ಆರೇಳು ಸಾವಿರ. 'ಕಾಣ್ತಿಲ್ಲ' ಅಂತ ವಾಪಸ್ ಬಂದರೆ ಲ್ಯಾಬಿನವರು ಒಂದು ಸಲ ಸುಮ್ನೆ ಮಾಡಿಕೊಡ್ತಾರೆ, ಎರಡನೇ ಸಲಕ್ಕೆ ನಮ್ಮದೇ ಜೇಬು. ಒಂದು ವರ್ಷ ಹೀಗೆ ನಲವತ್ತು ಸಾವಿರದ ಹತ್ತಿರ ಹೋಯಿತು. ಎಲ್ಲವೂ ಹಾರ್ಟ್ ಪೇಷಂಟುಗಳದ್ದಲ್ಲ, ಆದರೆ ಎರಡೆರಡು ಸಲ ವಾಪಸ್ ಬಂದವರಲ್ಲಿ ಅವರೇ ಜಾಸ್ತಿ.

ಅಡಿಕೆ ವ್ಯಾಪಾರಿಯೊಬ್ಬರ ಕಥೆ ಕೇಳಿ. ರಾತ್ರಿ ಮಂಡಿಯಿಂದ ಕಾರಿನಲ್ಲಿ ಮನೆಗೆ ಹೋಗುವಾಗ ಎದುರಿನ ಲೈಟಿಗೆಲ್ಲ ಬಳೆ ಕಟ್ಟುತ್ತದೆ, ನೀಲಿ ಹಸಿರು ಬಳೆ ಅಂದರು. ಪವರಿನಲ್ಲಿ ಕಾಲು ಪಾಯಿಂಟ್ ಹೆಚ್ಚುಕಮ್ಮಿ ಇತ್ತು, ಬದಲಿಸಿಕೊಟ್ಟೆವು. ಬಳೆ ಹೋಗಲಿಲ್ಲ. ಆಂಟಿ ಗ್ಲೇರ್ ಕೋಟಿಂಗ್ ಹಾಕಿದೆವು. ಹೋಗಲಿಲ್ಲ. ಮಾಲೀಕರು ಉಮೇದಿನಲ್ಲಿ ಹಳದಿ 'ನೈಟ್ ಡ್ರೈವಿಂಗ್' ಗ್ಲಾಸ್ ಕೊಟ್ಟರು. ಕತ್ತಲಲ್ಲಿ ಇರುವ ಬೆಳಕನ್ನೂ ಕಡಿಮೆ ಮಾಡುವ ಸಾಮಾನು ಅದು, ಮಾರುವುದಕ್ಕೆ ಮಾತ್ರ ಚೆನ್ನ. ಮೂರನೇ ಸಲ ಬಂದವರು ಕನ್ನಡಕವನ್ನು ಕೌಂಟರಿನ ಮೇಲಿಟ್ಟು 'ಇದನ್ನ ನೀವೇ ಇಟ್ಕೊಳ್ಳಿ' ಎಂದರು. ಬಗ್ಗಿದಾಗ ಜೇಬಿನಿಂದ ಅರ್ಧ ಖಾಲಿಯಾದ ಶೀಟ್ ಹೊರಗೆ ಬಂತು. ಅಮಿಯೋಡರೋನ್ 200, ಬಡಿತದ ಏರುಪೇರಿಗೆ ಕೊಡುವ ಮಾತ್ರೆ. ವರ್ಷದ ಮೇಲಾಯಿತಂತೆ ತಗೊಳ್ಳಲು ಶುರು ಮಾಡಿ.

ಕಣ್ಣಿಗೆ ಬೆಳಕಿನ ಬೀಮ್ ಹಾಕಿ ದೊಡ್ಡದಾಗಿ ನೋಡುವ ಯಂತ್ರ ಸ್ಲಿಟ್ ಲ್ಯಾಂಪ್. ನಮ್ಮಲ್ಲಿರುವುದು ಸೆಕೆಂಡ್ ಹ್ಯಾಂಡ್, ಅರವತ್ತು ಸಾವಿರ ಚಿಲ್ಲರೆಗೆ ತಂದದ್ದು. ನೇರ ಅಗಲ ಬೀಮ್ ಹಾಕಿದರೆ ಏನೂ ಕಾಣಲಿಲ್ಲ. ಬೀಮನ್ನು ಸಣ್ಣ ಮಾಡಿ, ಹಿಂದಿನಿಂದ ಬರುವ ಕೆಂಪು ಹೊಳಪಿನಲ್ಲಿ ನೋಡಿದಾಗ ಕಂಡಿತು: ಪಾಪೆಯ ಸ್ವಲ್ಪ ಕೆಳಗೆ ಒಂದು ಬಿಂದು, ಅಲ್ಲಿಂದ ಕಂದು ಗೆರೆಗಳು ಮಗುವಿನ ನೆತ್ತಿಯ ಸುಳಿಯ ಹಾಗೆ ತಿರುಗಿಕೊಂಡು ಹೊರಟಿದ್ದವು. ಎರಡೂ ಕಣ್ಣಲ್ಲಿ. ಫೋಟೋದಲ್ಲಿ ನೋಡಿದ್ದೆ, ನಮ್ಮ ಕುರ್ಚಿಯಲ್ಲೇ ಕೂತವರ ಕಣ್ಣಲ್ಲಿ ನೋಡಿದ್ದು ಅದೇ ಮೊದಲು.

ಆಪ್ಟೋಮೆಟ್ರಿ ಗೆಳೆಯರ ಗ್ರೂಪಿನಲ್ಲಿ ಹಾಕಿದರೆ ಹಿರಿಯರೊಬ್ಬರ ಉತ್ತರ: 'ಇದು ಎಲ್ಲರಿಗೂ ಬರುತ್ತೆ, ತೊಂದರೆ ಇಲ್ಲ, ಬಿಡಿ.' ನಿಜವೇ. ತಿಂಗಳುಗಟ್ಟಲೆ ಈ ಮಾತ್ರೆ ತಗೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಕಾರ್ನಿಯಾದಲ್ಲೂ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲೂ, ಈ ಸುಳಿ ಕೂರುತ್ತದೆ, ಬಹಳಷ್ಟು ಜನರಿಗೆ ಗೊತ್ತೂ ಆಗುವುದಿಲ್ಲ. ಬಳೆ, ಮಂಜು ಅಂತ ದೂರು ಬರುವುದು ಹತ್ತರಲ್ಲಿ ಒಬ್ಬರಿಗೆ ಇರಬಹುದು ಅಂತ ಔಷಧದ ಮಾಹಿತಿ ಹಾಳೆಯೇ ಹೇಳುತ್ತದೆ. ಆದರೆ ಆ ಒಬ್ಬರೇ ಅಲ್ವಾ ನಮ್ಮ ಅಂಗಡಿಗೆ ಬರುವುದು? ಇನ್ನೊಂದು, ಸುಳಿ ಕಂಡ ಕೂಡಲೇ ಪರೀಕ್ಷೆ ಮುಗಿಸಬೇಡಿ. ಅಪರೂಪಕ್ಕೆ ಇದೇ ಮಾತ್ರೆಯಿಂದ ಕಣ್ಣಿನ ನರಕ್ಕೂ ಪೆಟ್ಟು ಬೀಳುತ್ತದೆ. ಸಣ್ಣ ತೂತಿನ ಬಿಲ್ಲೆಯಲ್ಲಿ (ಪಿನ್‌ಹೋಲ್) ನೋಡಿದರೂ ಅಕ್ಷರ ಸುಧಾರಿಸದಿದ್ದರೆ, ಬಣ್ಣ ಮಾಸಿದ್ದರೆ, ಟಾರ್ಚಿಗೆ ಪಾಪೆ ಸರಿ ಸ್ಪಂದಿಸದಿದ್ದರೆ, ಅದು ಸುಳಿಯ ಕೆಲಸ ಅಲ್ಲ. ಅವತ್ತೇ ಡಾಕ್ಟರಿಗೆ ಫೋನ್.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಪವರ್ ನೋಡುವ ಟ್ರಯಲ್ ಫ್ರೇಮ್ ಮುಟ್ಟುವ ಮೊದಲು ಶೀಟುಗಳನ್ನು ಟೇಬಲ್ ಮೇಲೆ ಹಾಕಿಸುತ್ತೇನೆ. ಚೀಟಿ ಸಾಲದು. ಚೀಟಿಯಲ್ಲಿ ಇರುವುದು ಬೇರೆ, ಮೆಡಿಕಲ್‌ನವರು ಕೊಟ್ಟಿದ್ದು ಬೇರೆ ಕಂಪನಿಯದ್ದು, ಮಗಳು ಡಬ್ಬಿಗೆ ಹಾಕಿಟ್ಟದ್ದು ಮೂರನೆಯದು. ಆಮೇಲೆ ಕೆಲವು ಪ್ರಶ್ನೆ. ಯಾವ ಪ್ರಶ್ನೆ ಯಾವಾಗ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ಸ್ವಲ್ಪ ನನ್ನ ಸ್ವಂತದ್ದು. ಅಂಗಡಿಗೆ ಬಂದರೆ ಕಾಫಿ ಕೊಟ್ಟು ಹೇಳುತ್ತೇನೆ.

ದೂರಿನ ರೀತಿಯಲ್ಲೇ ಮಾತ್ರೆಯ ಗುರುತು ಸಿಗುತ್ತದೆ. ಬಳೆ ಅಂದರೆ ಅಮಿಯೋಡರೋನ್ ಇದೆಯಾ ನೋಡಿ. ಕತ್ತಲ ಕೋಣೆಯಲ್ಲಿ ಲೈಟ್ ಹಾಕಿದ ಕೂಡಲೇ ಪಕ್ಕದಲ್ಲಿ ಮಿಂಚು ಅಂದರೆ ಐವಾಬ್ರಡಿನ್ ಇದೆಯಾ ನೋಡಿ. ಬಡಿತದ ವೇಗ ತಗ್ಗಿಸಲು ಕೊಡುವ ಮಾತ್ರೆ, ಸಾಮಾನ್ಯವಾಗಿ ಮೊದಲ ಎರಡು ತಿಂಗಳೊಳಗೆ ಈ ಮಿಂಚು ಶುರುವಾಗುತ್ತದೆ, ಎಷ್ಟೋ ಸಲ ತಾನಾಗೇ ಹೋಗುತ್ತದೆ. ಹಾಗಂತ ಮಿಂಚು ಅಂದವರ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ನೋಡದೆ ಕಳಿಸಬಾರದು. ನಮ್ಮಲ್ಲಿಗೆ ಕಣ್ಣಿನ ಡಾಕ್ಟರು ವಾರದಲ್ಲಿ ಎರಡು ದಿನ ಬರ್ತಾರೆ, ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡುವುದು (ಡೈಲೇಟ್) ಆ ದಿನಗಳಲ್ಲಿ. ಬೇರೆ ದಿನ ಮಿಂಚು ಅಂತ ಬಂದರೆ ಶಿವಮೊಗ್ಗಕ್ಕೇ ಕಳಿಸುತ್ತೇನೆ. ಹೃದಯದವರಿಗೆ ಫಿನೈಲೆಫ್ರಿನ್ ಸೇರಿದ 'ಪ್ಲಸ್' ಡ್ರಾಪ್ಸ್ ಬೇಡ, ಬರೀ ಟ್ರೋಪಿಕಮೈಡ್ ಇಟ್ಟುಕೊಳ್ಳಿ.

ಎಲ್ಲ ಹಳದಿ ಕಾಣುತ್ತದೆ ಅಂದರೆ ಡಿಜಾಕ್ಸಿನ್, ಅದೂ ಹೃದಯದ್ದೇ ಮಾತ್ರೆ. ವಾಲ್ವಿನ ತೊಂದರೆಯ ಅಮ್ಮ ಒಬ್ಬರು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಅಸಿಟ್ರೋಮ್ ಕೂಡ ಇತ್ತು. 'ತಟ್ಟೆಯಲ್ಲಿ ಅನ್ನ ಚಿತ್ರಾನ್ನದ ಹಾಗೆ ಕಾಣ್ತದಪ್ಪ' ಎಂದರು. ಒಂದು ವಾರದಿಂದ ಊಟ ಸೇರುವುದಿಲ್ಲ, ವಾಕರಿಕೆ. ಬಣ್ಣದ ಪರೀಕ್ಷೆಯ ಇಶಿಹಾರಾ ಪುಸ್ತಕ ಕೊಟ್ಟರೆ ಪಟಪಟ ಓದಿದರು! ಅದು ಕೆಂಪು ಹಸಿರಿಗೆ ಮಾಡಿದ್ದು, ಇವರದ್ದು ನೀಲಿ ಹಳದಿಯ ಗೊಂದಲ. ನೀಲಿ ಹಳದಿಯನ್ನೂ ಹಿಡಿಯುವ ಡಿ-15 ಸೆಟ್ಟಿನ ಬೆಲೆ ಕೇಳಿ ಸುಮ್ಮನಾಗಿದ್ದೆ. ಪಕ್ಕದ ಟೈಲರ್ ಹತ್ತಿರ ಬಿಳಿ, ಕೆನೆ, ತಿಳಿ ಹಳದಿ, ತಿಳಿ ನೀಲಿ, ನೇರಳೆ ದಾರದ ರೀಲು ತಂದಿಟ್ಟುಕೊಂಡಿದ್ದೆ, ಎಲ್ಲ ಸೇರಿ ನೂರು ರೂಪಾಯಿ ಒಳಗೆ. ಆ ಅಮ್ಮ ಬಿಳಿ ಮತ್ತು ತಿಳಿ ಹಳದಿಯನ್ನು ಒಂದೇ ಕಡೆ ಇಟ್ಟರು. ನೇರ ಫಿಸಿಶಿಯನ್ ಹತ್ತಿರ ಕಳಿಸಿದೆ. ರಕ್ತದಲ್ಲಿ ಡಿಜಾಕ್ಸಿನ್ ಜಾಸ್ತಿ, ಪೊಟ್ಯಾಸಿಯಂ ಕಡಿಮೆ ಬಂತು, ಅಡ್ಮಿಟ್ ಮಾಡಿಕೊಂಡರು. ಈ ಹಳದಿಯ ವಿಷಯ ಹೊಸದೇನಲ್ಲ. ಡಿಜಾಕ್ಸಿನ್‌ನ ಮೂಲವಾದ ಡಿಜಿಟಾಲಿಸ್ ಗಿಡದ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿಟ್ಟಿದ್ದರು. ಸೋಮವಾರದಿಂದ ಶುಕ್ರವಾರ ತಗೊಂಡು ಶನಿ ಭಾನು ಬಿಡಿ ಅಂತ ಹೇಳಿದ ಡಿಜಾಕ್ಸಿನನ್ನು ಏಳು ದಿನವೂ ನುಂಗುವವರು ನಮ್ಮ ಕಡೆ ಸಾಕಷ್ಟಿದ್ದಾರೆ, ಅದನ್ನೂ ಕೇಳಿ.

ನಡುವೆ ಒಂದು ಆಟ ಆಡಿದೆ. ಬಳೆ ಅಂದವರಿಗೆಲ್ಲ ಕಲರ್ ಪೆನ್ಸಿಲ್ ಕೊಟ್ಟು ಬಿಡಿಸಿ ಅಂದೆ. ಪೊರೆ ಇದ್ದವರು ಹೆಚ್ಚಾಗಿ ನಕ್ಷತ್ರದ ಹಾಗೆ ಕಡ್ಡಿಗಳನ್ನು ಎಳೆದರು. ಅಮಿಯೋಡರೋನ್‌ನವರಲ್ಲಿ ಕೆಲವರು ನೀಲಿ ಹಸಿರು ಉಂಗುರ ಬಿಡಿಸಿದರು, ಕೆಲವರು ಏನೇನೋ. ಚಿತ್ರ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಸಣ್ಣ ಸೀಳಿರುವ ಬಿಲ್ಲೆಯನ್ನು (ಸ್ಟೆನೋಪಿಕ್ ಸ್ಲಿಟ್) ಕಣ್ಣಿನ ಮುಂದೆ ಸರಿಸಿ ಬಳೆ ತುಂಡಾಗುತ್ತದಾ ಕೇಳುವುದು ಅದಕ್ಕಿಂತ ಉಪಯೋಗ, ಪೊರೆಯ ಬಳೆಯಾದರೆ ತುಂಡಾಗುತ್ತದೆ. ಕಣ್ಣಿನ ಒತ್ತಡ ಮಾತ್ರ ಎಲ್ಲರಿಗೂ ನೋಡಿ, ಗ್ಲಾಕೋಮಾದವರೂ ಬಳೆ ಅಂತಲೇ ಬರುವುದು.

ಕಾಗದ ಬರೆಯುವುದರಲ್ಲೂ ಸೋತೆ ಗೆದ್ದೆ. ಮೊದಮೊದಲು ಹೃದಯದ ಡಾಕ್ಟರಿಗೆ ಒಂದು ಪುಟ ಬರೆಯುತ್ತಿದ್ದೆ, ಒಬ್ಬರೂ ಓದಲಿಲ್ಲ. ಒಂದು ಆಸ್ಪತ್ರೆಯಲ್ಲಿ 'ಕನ್ನಡಕದವರು ನಮಗೆ ಮಾತ್ರೆ ಹೇಳಿಕೊಡ್ತಾರಾ' ಅಂದರಂತೆ. ಈಗ ನಾಲ್ಕೇ ಸಾಲು: ದೃಷ್ಟಿ ಎಷ್ಟು, ಕಾರ್ನಿಯಾದಲ್ಲಿ ಏನು, ನರ ಹೇಗಿದೆ, ರೋಗಿಗೆ ಯಾವ ಕೆಲಸ ಕಷ್ಟ. ಮಾತ್ರೆ ಬಗ್ಗೆ ಒಂದಕ್ಷರ ಇಲ್ಲ. ರೋಗಿಗೂ ಅದೇ ಮಾತು: ನಿಲ್ಲಿಸಬೇಡಿ, ಅರ್ಧ ಮಾಡಬೇಡಿ, ಡಾಕ್ಟರನ್ನು ಕೇಳಿ. ಅಮಿಯೋಡರೋನ್ ತಾವೇ ಬಿಟ್ಟ ಒಬ್ಬರು 'ನೋಡಿ, ಏನೂ ಆಗಿಲ್ಲ' ಅಂತ ಓಡಾಡಿಕೊಂಡಿದ್ದರು. ಈ ಮಾತ್ರೆ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಇಳಿದ ಮೇಲೆ ಎದೆ ಡವಡವ ಅಂತ ರಾತ್ರೋರಾತ್ರಿ ಶಿವಮೊಗ್ಗಕ್ಕೆ ಓಡಿದರು.

ಅಡಿಕೆ ವ್ಯಾಪಾರಿಗೆ ಅವರ ಡಾಕ್ಟರು ಇಸಿಜಿ, ಥೈರಾಯ್ಡ್ ಎಲ್ಲ ನೋಡಿ 200 ಇದ್ದದ್ದನ್ನು 100 ಮಾಡಿದರು. ತಿಂಗಳೊಳಗೆ ಏನೂ ಬದಲಾಗಲಿಲ್ಲ, ಮಾಲೀಕರು ನನ್ನ ಮುಖ ನೋಡಿದರು. ಕಾರಿನ ಗಾಜು ಒಳಗಡೆಯಿಂದ ಒರೆಸಿ, ವೈಪರ್ ಬದಲಿಸಿ, ಆದಷ್ಟು ಹಗಲಲ್ಲೇ ಓಡಾಡಿ ಅಂತ ಹೇಳಿ ಕಾಯಿಸಿದೆ. ಐದಾರು ತಿಂಗಳಿಗೆ ಬಳೆ ತೆಳುವಾಯಿತು, ಆಮೇಲೆ ಗಮನಕ್ಕೇ ಬರುತ್ತಿಲ್ಲ ಅಂದರು. ಹಳೇ ಕನ್ನಡಕದಲ್ಲೇ. ಅವತ್ತು ಒಂದು ರೂಪಾಯಿ ವ್ಯಾಪಾರ ಆಗಲಿಲ್ಲ. ಆದರೆ ಅವರ ಮನೆಯವರು, ತಮ್ಮಂದಿರು, ಮಂಡಿಯ ರೈಟರು ಎಲ್ಲ ಈಗ ನಮ್ಮ ಗಿರಾಕಿಗಳು. ರೀಮೇಕಿನ ನಷ್ಟ ವರ್ಷಕ್ಕೆ ಹತ್ತು ಸಾವಿರದ ಒಳಗೆ ಬಂದಿದೆ. ಮೊದಲು ಸುಮ್ನೆ ಮಾಡುತ್ತಿದ್ದ ಪರೀಕ್ಷೆಗೆ ಇನ್ನೂರು ರೂಪಾಯಿ ತಗೊಳ್ಳುತ್ತೇವೆ, ಯಾರೂ ತಕರಾರು ಮಾಡಿಲ್ಲ.

ಈಗ ಸುಳಿಯ ಫೋಟೋ ತೆಗೆದು ಕಾಗದದ ಜೊತೆ ಕಳಿಸುವ ಪ್ರಯತ್ನದಲ್ಲಿದ್ದೇನೆ. ಮೊಬೈಲ್ ಅಡಾಪ್ಟರಿಗೆ ಎರಡೂವರೆ ಸಾವಿರ ಹೋಯಿತು, ಫೋಕಸ್ ಮಾತ್ರ ಕಾರ್ನಿಯಾ ಬಿಟ್ಟು ಐರಿಸ್ ಮೇಲೇ ಹೋಗಿ ಕೂರುತ್ತದೆ. ಕೈಯಲ್ಲಿ ಫೋಕಸ್ ಲಾಕ್ ಮಾಡಿದರೆ ಹತ್ತರಲ್ಲಿ ಎರಡು ಪರವಾಗಿಲ್ಲ ಅನ್ನುವ ಹಾಗೆ ಬರುತ್ತಿವೆ. ಯಾರಾದರೂ ಇದನ್ನು ಸರಿ ಮಾಡಿಕೊಂಡಿದ್ದರೆ ಯಾವ ಫೋನು, ಯಾವ ಸೆಟ್ಟಿಂಗ್ ಅಂತ ಹೇಳಿ.